ಮೇಷ್ಟ್ರು ಜೋಂಬಿ ಸಿನಿಮಾ ನೋಡಿದ್ದು

ಒಂದು ಸಿನಿಮಾವನ್ನು ಸುಮ್ಮನೆ ನೋಡಿ, ಸುಮ್ಮನೆ ಮನೆಗೆ ಬರುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ. ನಾನು ಶಿಕಾರಿಪುರದಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು, ಐವತ್ತು ದಾಟಿದೆ. ಆದರೂ ಜೋಂಬಿ ಸಿನಿಮಾ ಎಂದರೆ ನನಗೆ ಪ್ರಾಣ. ಈ ಸಲ ಬಂದದ್ದು ಯಾವುದೋ ವಿಡಿಯೊ ಗೇಮಿನ ಮೇಲೆ ತೆಗೆದ ಚಿತ್ರದ ಎರಡನೇ ಭಾಗ. ಸತ್ತವರು ಎದ್ದು ಬಂದು ಕಚ್ಚುತ್ತಾರೆ, ಕಚ್ಚಿಸಿಕೊಂಡವರು ಕೂಡಲೇ ಅವರ ಗುಂಪಿಗೆ ಸೇರಿಕೊಳ್ಳುತ್ತಾರೆ. ಚುನಾವಣೆ ಬಂದಾಗಲೆಲ್ಲ ಇದನ್ನೇ ನೋಡುವ ನಮ್ಮೂರಿನವರಿಗೆ ಕತೆ ಹೊಸದೇನಲ್ಲ.

ಕೀಲಿಕೈ

ಟಾಕೀಸಿನಲ್ಲಿ ನನ್ನ ಪಕ್ಕ ಕೂತವರು ಅಂಜನಾಪುರದ ಒಬ್ಬ ರೈತರು. ಗೊಬ್ಬರದ ಅಂಗಡಿ ಬಾಗಿಲು ತೆಗೆಯುವ ತನಕ ಹೊತ್ತು ಕಳೆಯಲು ಬಂದಿದ್ದರು. ಪರದೆಯ ಮೇಲೆ ಅಣ್ಣ ತಮ್ಮ ಇಬ್ಬರೂ ಒಂದು ಬಾಗಿಲಿನ ಕೀಲಿಕೈ ಹುಡುಕುತ್ತ ಆಸ್ಪತ್ರೆ ತುಂಬ ಗುಂಡು ಹಾರಿಸುತ್ತಿದ್ದರು. ಗೇಮ್ ಆಡುವವರಿಗೆ ಇದು ಸಹಜ. ರೈತರಿಗೆ ತಡೆಯಲಾಗಲಿಲ್ಲ.

"ಅಲ್ರೀ ಮೇಷ್ಟ್ರೇ, ಕೀಲಿಕೈಗೋಸ್ಕರ ಇಷ್ಟು ಗುಂಡು ಖರ್ಚು ಮಾಡ್ತಾರಲ್ಲ, ಬೀಗಕ್ಕೇ ಒಂದು ಹೊಡೆದಿದ್ರೆ ಆಗ್ತಿರ್ಲಿಲ್ವೇನ್ರೀ?"

ಆಮೇಲೆ ನಾನು ಜೋಂಬಿಗಳನ್ನು ನೋಡಲೇ ಇಲ್ಲ, ಬೀಗವನ್ನೇ ನೋಡಿದೆ.

ಉಳಿದ ಕತೆ

ಕೊನೆಗೂ ಬಾಗಿಲು ತೆರೆಯಿತು. ಒಳಗಿದ್ದ ಜೋಂಬಿ ತಮ್ಮನ ಕೈ ಕಚ್ಚಿಬಿಟ್ಟಿತು. ಅಣ್ಣ ಪಿಸ್ತೂಲು ಎತ್ತಿದ. ಹೊಡೆಯುತ್ತಾನೋ, ಬಿಡುತ್ತಾನೋ? ನನಗೂ ಒಬ್ಬ ತಮ್ಮನಿದ್ದಾನೆ. ಜಮೀನು ಪಾಲಾದಾಗಿನಿಂದ ನಮಗೆ ಮಾತಿಲ್ಲ. ಆದರೂ ನನ್ನ ಜೀವ ಹೊಡೆದುಕೊಂಡಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಕೆಟ್ಟಿತ್ತು. ಟಿಕೆಟ್ ದುಡ್ಡು ವಾಪಸ್ ಕೊಡಿ ಎಂದು ಜನ ಕೂಗಿದರು. ಮ್ಯಾನೇಜರ್ ಟಾರ್ಚ್ ಹಿಡಿದು ಪರದೆಯ ಮುಂದೆ ನಿಂತರು.

"ದುಡ್ಡು ಗಿಡ್ಡು ಇಲ್ಲ. ಉಳಿದ ಕತೆ ನಾನೇ ಹೇಳ್ತೀನಿ, ಕೂತ್ಕೊಳ್ರಿ!"

ಕೊನೆ ಏನೆಂದು ಯಾರ ಬಾಯಿಂದಲೂ ಕೇಳಬಾರದೆಂದು ನಾನು ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಓಡಿದೆ. ಮ್ಯಾನೇಜರ್ ಬಾಗಿಲ ತನಕ ಬೆನ್ನು ಹತ್ತಿ ಬಂದರು.

"ಯಾಕ್ರೀ ಮೇಷ್ಟ್ರೇ, ಫೈಟೂ ಮಾಡಿ ತೋರಿಸ್ತೀನಿ, ಬರ್ರೀ!"

ಎರಡು ಸ್ನಾನ

ಮನೆ ಬಾಗಿಲಲ್ಲಿ ಅವ್ವ ಕೂತಿದ್ದಳು. ಎಂಥ ಸಿನಿಮಾ ಎಂದು ಕೇಳಿದಳು. ಸತ್ತವರದ್ದು ಎಂದು ಬಾಯಿ ತಪ್ಪಿ ಹೇಳಿದೆ.

"ಹೆಣ ನೋಡಿ ಬಂದು ಸೀದಾ ಒಳಗೆ ನುಗ್ತೀಯಲ್ಲೋ! ಹೋಗು ಬಚ್ಚಲಿಗೆ."

"ಅವು ಹೆಣ ಅಲ್ಲವ್ವ, ಮತ್ತೆ ಜೀವ ಬಂದಿರುತ್ತೆ" ಎಂದು ಪಾಠ ಮಾಡುವ ದನಿಯಲ್ಲಿ ತಿಳಿಸಿ ಹೇಳಿದೆ.

ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು.

"ಹಂಗಾರೆ ಎರಡು ಸಲ ಸ್ನಾನ ಮಾಡು. ಸತ್ತಿದ್ದಕ್ಕೊಂದು ಸೂತಕ, ಮತ್ತೆ ಹುಟ್ಟಿದ್ದಕ್ಕೊಂದು ಪುರುಡು."

ಪಥ್ಯ

ಕೆಲವು ತಿಂಗಳಾದ ಮೇಲೆ ಅದೇ ಸಿನಿಮಾ ಕನ್ನಡದಲ್ಲಿ ಮಾತಾಡುತ್ತ ಟಿವಿಗೆ ಬಂತು. ನಾನಾಗ ಸೊರಬದಲ್ಲಿ ಅಕ್ಕನ ಮನೆಯಲ್ಲಿದ್ದೆ. ಈ ಸಲ ಕೊನೆ ನೋಡದೆ ಏಳುವುದಿಲ್ಲ ಎಂದು ಚಕ್ಕಳಮಕ್ಕಳ ಹಾಕಿ ಕೂತೆ. ಪಕ್ಕದ ಮನೆಯ ಅಜ್ಜನೂ ಬಂದು ಕೂತರು. ನಾಯಿ ಕಚ್ಚಿದವರಿಗೆ ನಾಟಿ ಔಷಧಿ ಕೊಡುವುದರಲ್ಲಿ ಅವರದು ದೊಡ್ಡ ಹೆಸರು, ಆನವಟ್ಟಿಯಿಂದಲೂ ಬೈಕಿನಲ್ಲಿ ಜನ ಬರುತ್ತಾರೆ.

ಜೋಂಬಿ ತಮ್ಮನನ್ನು ಕಚ್ಚಿದ್ದೇ ತಡ, ಅಜ್ಜ ಟಿವಿಯ ಹತ್ತಿರ ಜರುಗಿ ಗಾಯ ಪರೀಕ್ಷೆ ಮಾಡಿದರು. ಅಣ್ಣ ಪಿಸ್ತೂಲು ಎತ್ತಿದ. ಅವನು ಪಿಸ್ತೂಲು ಇಳಿಸಿ, ಜೇಬಿನಿಂದ ಒಂದು ಇಂಜೆಕ್ಷನ್ ತೆಗೆದು ಚುಚ್ಚಿದ. ತಮ್ಮ ಎದ್ದು ಕೂತ! ಖುಷಿಗೆ ನಾನು ಚಪ್ಪಾಳೆ ತಟ್ಟಿಬಿಟ್ಟೆ.

"ಅವಸರ ಮಾಡ್ಬೇಡಿ ಮಾರಾಯ್ರೇ" ಎಂದರು ಅಜ್ಜ. "ಔಷಧಿ ಒಂದೇ ಸಾಲ್ದು, ಪಥ್ಯ ಮುಖ್ಯ. ಇನ್ನು ಅವ್ನು ಬದನೆಕಾಯಿ ಮುಟ್ಟೋ ಹಾಗಿಲ್ಲ."

ಹಸಿದಿದ್ದ ತಮ್ಮ ಒಂದು ಡಬ್ಬಿ ಒಡೆದು ಗಬಗಬನೆ ತಿಂದ. ತಿನ್ನುತ್ತಿದ್ದ ಹಾಗೇ ಕಣ್ಣು ಬೆಳ್ಳಗಾಗಿ ಅಣ್ಣನ ಕುತ್ತಿಗೆಗೆ ಹಾರಿದ. ಅಣ್ಣ ಅಳುತ್ತಲೇ ಗುಂಡು ಹೊಡೆದ. ಸಿನಿಮಾ ಮುಗಿಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಜ್ಜ ಮಾತ್ರ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

"ಔಷಧೀದು ಏನೂ ತಪ್ಪಿಲ್ಲ ಮೇಷ್ಟ್ರೇ. ಆ ಡಬ್ಬೀಲಿದ್ದದ್ದು ಬದನೆಕಾಯಿ."