ಆಯುಧಪೂಜೆಯ ದಿನ ನಿಲ್ಲದ ಯಂತ್ರ

ಕೊಳ್ಳೇಗಾಲದ ಸ್ನಾತಕೋತ್ತರ ಕೇಂದ್ರದಲ್ಲಿ ಅಂದು ಆಫೀಸಿನ ಆಯುಧಪೂಜೆ. ಅಟೆಂಡರ್ ಸದಾಶಿವಪ್ಪ ಕುಂಕುಮದ ಬಟ್ಟಲು ಹಿಡಿದು ದೊಡ್ಡ ಕಂಪ್ಯೂಟರಿನ ಕೋಣೆಗೆ ಬಂದದ್ದೇ ಎಲ್ಲಕ್ಕೂ ಮೂಲ.

"ಪೂಜೆ ಒತ್ನಲ್ಲಿ ಆಯುದ ಓಡ್ತಾ ಇರ್ಬಾರ್ದು ಸಾ. ಆಫ್ ಮಾಡ್ಬುಡಿ."

ಪ್ರಭುಸ್ವಾಮಿ ಕುರ್ಚಿಯಿಂದೆದ್ದು ಯಂತ್ರಕ್ಕೆ ಅಡ್ಡ ನಿಂತ. ಸಂಶೋಧಕರ ಲೆಕ್ಕಗಳನ್ನು ಆ ಯಂತ್ರದಲ್ಲಿ ಓಡಿಸಿಕೊಡುವುದೇ ಅವನ ಕೆಲಸ. ಬಿಳಿಗಿರಿ ಕಾಡಿನ ಹಳ್ಳಗಳಲ್ಲಿ ಇನ್ನು ಮೂವತ್ತು ವರ್ಷ ಎಷ್ಟು ನೀರು ಹರಿದೀತು ಎಂದು ಯಳಂದೂರಿನ ಸಂಶೋಧನಾ ವಿದ್ಯಾರ್ಥಿನಿ ದೀಪ ಕೊಟ್ಟ ಲೆಕ್ಕ ಹತ್ತೊಂಬತ್ತು ದಿನದಿಂದ ಓಡುತ್ತಿತ್ತು. ಮೂರು ಗಂಟೆಗೆ ಮುಗಿಯಬೇಕು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಸೋಮವಾರ ಪ್ರಬಂಧ ಒಪ್ಪಿಸದಿದ್ದರೆ ಆ ಹುಡುಗಿಯ ಐದು ವರ್ಷದ ಓದು ನೀರುಪಾಲು.

"ಮೂರು ಗಂಟೆವರೆಗೆ ಇದನ್ನ ಮುಟ್ಟೋ ಹಾಗಿಲ್ಲ," ಎಂದ.

ಹನ್ನೊಂದಕ್ಕೆ ಯಂತ್ರ ಗೂರಲು ಹತ್ತಿದ ಮುದುಕನಂತೆ ಏದತೊಡಗಿತು. ನೋಡಿದರೆ, ಕಸ ಗುಡಿಸುವ ಪುಟ್ಟಬಸಮ್ಮ ಭಕ್ತಿಯಿಂದ ಅದರ ಬೆನ್ನಿನ ಫ್ಯಾನುಗಳಿಗೆ ಅಡ್ಡಲಾಗಿ ನಾಲ್ಕು ಮಾರು ಚೆಂಡುಹೂವು ಇಳಿಬಿಟ್ಟಿದ್ದಳು. ಪ್ರಭುಸ್ವಾಮಿ ಕಿತ್ತೆಸೆದ.

"ಅಯ್ಯೋ ನಮ್ಮಪ್ಪಾ, ಪೂಜೆಗ್ ಆಕಿದ್ ಊವ ಕಿತ್ತಾಕ್ಬುಟ್ರಲ್ಲಾ! ಬೆಟ್ಟದ್ ಮಾದಪ್ಪ ನೋಡ್ತಾ ಅವ್ನೆ ಕಣ್ ಸ್ವಾಮಿ!"

"ಇದಕ್ಕೂ ಉಸಿರಾಡೋಕೆ ಗಾಳಿ ಬೇಕಮ್ಮ!"

ಗುಮಾಸ್ತ ಕುಮಾರಸ್ವಾಮಿ ಕಡ್ಲೆಪುರಿ ಮುಕ್ಕುತ್ತಾ ಬಂದ. "ಐದೇ ನಿಮ್ಷ ಆರ್ಸಿ, ಮತ್ತೆ ಆನ್ ಮಾಡ್ರೀ. ನಮ್ಮನೇಲಿ ಮಿಕ್ಸಿಗೂ ಅಂಗೇ ಮಾಡೋದು."

ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಳ್ಳತೊಡಗಿತು. ಇದೂ ಪೂಜೆಯ ಶಿಫಾರಸೇ ಇರಬೇಕೆಂದು ಪ್ರಭುಸ್ವಾಮಿ ರಿಸೀವರ್ ತೆಗೆದು ಪಕ್ಕಕ್ಕಿಟ್ಟ. ಜೇಬಿನ ಮೊಬೈಲನ್ನೂ ಆರಿಸಿದ.

ಎರಡೂವರೆಗೆ ಸದಾಶಿವಪ್ಪ ಓಡಿಬಂದ. "ಸಾ, ಈಗ್ಲೇ ಆಫ್ ಮಾಡಿ ಸಾ! ಯೋಳದ ಒಸಿ ಕೇಳಿ..."

"ಬೆಳಗಿಂದ ಕೇಳಿದ್ದೀನಿ!"

"ಅದಲ್ಲ ಸಾ..."

"ಅದೂ ಬೇಡ, ಇದೂ ಬೇಡ!"

ಸದಾಶಿವಪ್ಪ ಸ್ವಿಚ್ಚಿನತ್ತ ಕೈ ಚಾಚಿದ. ಪ್ರಭುಸ್ವಾಮಿ ಅವನನ್ನು ಹೊರಗೆ ನೂಕಿ, ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಹೊರಗೆ ದಬದಬ ಬಡಿತ, ಒಳಗೆ ಮಾದಪ್ಪನ ಜಪ.

ಮೂರಕ್ಕೆ ಲೆಕ್ಕ ಮುಗಿಯಿತೆಂದು ಪರದೆ ತೋರಿಸಿತು. ಕಣ್ಣೊರೆಸಿಕೊಂಡು ಬಾಗಿಲು ತೆಗೆದರೆ ಎದುರಿಗೇ ದೀಪ, ಯಳಂದೂರಿನ ಬಸ್ಸಿಳಿದು ಓಡಿಬಂದವಳು.

"ಮುಗೀತು ಕಣಮ್ಮ! ಒಬ್ಬರಿಗೂ ಮುಟ್ಟೋಕೆ ಬಿಡ್ಲಿಲ್ಲ!"

ದೀಪ ಅವನನ್ನು ದಾಟಿ ಹೋಗಿ ಪರದೆ ನೋಡಿದಳು.

"ಈ ಸಲ ಮಳೆ ಲೆಕ್ಕ ತಪ್ಪು ಕೊಟ್ಬುಟ್ಟಿದ್ದೆ ಸಾರ್. ಅಂಗುಲಾನ ಮಿಲಿಮೀಟರ್ ಅಂತ. ಬೆಳಿಗ್ಗೆ ಗೊತ್ತಾಯ್ತು. ಓದ್ ತಿಂಗ್ಳು ಬಂದಿದ್ದ ಸರಿ ಉತ್ತರಾನೇ ಪ್ರಬಂಧಕ್ಕೆ ಸಾಕಾಗಿತ್ತು. ಇನ್ನೊಂದ್ ಸಲ ನೋಡ್ಬುಡಾಣ ಅಂತ ಇದ ಹಾಕ್ಸಿದ್ದೆ. ಇದು ಮುಗುದ್ರೆ ಅದ ಅಳಿಸಿ ಅದರ ಜಾಗ್ದಲ್ಲೇ ಕೂತ್ಕತದೆ. ಹೊರಗಿಂದ ನಿಲ್ಸಾಕೆ ನನ್ಗೆ ಬರಲ್ಲ. ಹಬ್ಬ ಅಂತ ಬಸ್ಸೂ ಬೇಗ ಸಿಗ್ಲಿಲ್ಲ. ನಿಮ್ಗೆ ಮೂವತ್ ಸಲ ಫೋನ್ ಮಾಡ್ದೆ. ಕೊನೆಗೆ ಸದಾಶಿವಪ್ಪೋರ್ ನಂಬರ್ ಇಡ್ದು ಅವ್ರಿಗೆ ಯೋಳ್ದೆ."

"ಬಾಯ್ ಬುಡಾಕೆ ಬುಟ್ರೇನವ್ವ ಇವ್ರು?" ಎಂದ ಸದಾಶಿವಪ್ಪ.

ಪ್ರಭುಸ್ವಾಮಿ ದೀಪಳತ್ತ ತಿರುಗಿದ. "ಹಳೇದರ ನಕಲು ಇಟ್ಕೊಂಡಿಲ್ವೇನಮ್ಮಾ?"

"ಇಡಾಕೆ ಜಾಗ ಕೊಡಿ ಅಂತ ನಿಮ್ಗೇ ಮೂರು ಸಲ ಬರ್ದಿದ್ದೆ ಸಾರ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಹಜಾರದಲ್ಲಿ ಮಂಗಳಾರತಿಯ ಗಂಟೆ ಮೊಳಗಿತು. ಎಲ್ಲರೂ ಕೈಮುಗಿದರು. ದೀಪಳೂ ಮುಗಿದಳು. ಪ್ರಭುಸ್ವಾಮಿಯೂ ಮುಗಿದ. ಏನೆಂದು ಬೇಡಿಕೊಳ್ಳಬೇಕೋ ಅವನಿಗೆ ತೋಚಲಿಲ್ಲ.