ಗುಡ್ಡ ನೋಡಲು ಹೋದ ಮಾಸ್ತರ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ನೋಡುವ ಚಟ. ಮುಚ್ಚಿದ ಡಬ್ಬಿ ಕಂಡರೆ ತೆಗೆದು ನೋಡಬೇಕು, ಬಾವಿ ಕಂಡರೆ ಬಗ್ಗಿ ನೋಡಬೇಕು. ಹೀಗೆ ಬಗ್ಗಿ ನನ್ನದೊಂದು ಕನ್ನಡಕ ಬಾವಿಯ ಪಾಲಾಗಿದೆ. ಇಂಥವನನ್ನು ಹುಲಿಹೈದರದ ಸಾಲಿಗೆ ಮಾಸ್ತರನನ್ನಾಗಿ ಹಾಕಿದರು. ನಿಜಾಮರ ಕಾಲ. ದಿನವೆಲ್ಲ ಉರ್ದುವಿನಲ್ಲಿ ಪಾಠ ಹೇಳಿ ಸಂಜೆ ಅಂಗಳದಲ್ಲಿ ಕೂತರೆ ಎದುರಿಗೆ ಗುಡ್ಡ. ಯಾರೋ ಪೇರಿಸಿಟ್ಟು ಮರೆತುಹೋದ ಹಾಗೆ ಬಂಡೆಯ ಮೇಲೆ ಬಂಡೆ. ದನಕರುಗಳು, ಕಟ್ಟಿಗೆಯವರು, ಎಲ್ಲರೂ ಕತ್ತಲಾಗುವ ಮುಂಚೆ ಇಳಿದು ಬರುತ್ತಿದ್ದರು. ಎಲ್ಲರೂ ಇಳಿದ ಮೇಲೆ ಅಷ್ಟು ದೊಡ್ಡ ಗುಡ್ಡ ಒಂದೇ ಏನು ಮಾಡುತ್ತದೆ? ಈ ಪ್ರಶ್ನೆ ತಲೆ ಹೊಕ್ಕ ಮೇಲೆ ನನಗೆ ಊಟ ರುಚಿಸಲಿಲ್ಲ.

“ಒಂದು ರಾತ್ರಿ ಗುಡ್ಡದ ಮ್ಯಾಲೆ ಒಬ್ಬಾವನ ಮಲಗಿ ಬರ್ತೀನಿ” ಎಂದೆ. ಹೆಂಡತಿ ಗೌರಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. “ಯಾಕ್ರಿ, ಮನ್ಯಾಗ ಜಾಗಾ ಸಾಲವಲ್ದೇನು? ಅಲ್ಲಿ ಕರಡಿ ಅದಾವ.”

“ಸುಮ್ನ, ನೋಡಾಕ.”

“ಏನ್ ನೋಡಾಕ?”

ಅದು ಗೊತ್ತಿದ್ದರೆ ಹೋಗುವುದೇಕೆ? ಅವಳು ಸಿಟ್ಟಿನಲ್ಲೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು ಮುಖ ತಿರುಗಿಸಿದಳು.

ಕಂಬಳಿ ಹೆಗಲಿಗೇರಿಸಿ ಹೊರಟೆ. ಅರ್ಧ ದಾರಿಯಲ್ಲಿ ಎರಡು ಬಂಡೆಗಳ ನಡುವೆ ನನ್ನ ಹೊಟ್ಟೆ ಸಿಕ್ಕಿಕೊಂಡಿತು. ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು ಪಾರಾದೆ. ಆದರೆ ನೆತ್ತಿ ತಲುಪಿದಾಗ ಎಲ್ಲ ಮರೆತುಹೋಯಿತು. ಹೊಲಗಳ ಮೇಲೆ ಸಂಜೆಯ ಬಿಸಿಲು ಹಾಸಿತ್ತು. ನನ್ನ ಕಾಲ ಕೆಳಗೆ ಒಂದು ಹದ್ದು ತೇಲುತ್ತಿತ್ತು. ಹುಟ್ಟಿದಾಗಿನಿಂದ ಹದ್ದಿನ ಹೊಟ್ಟೆಯನ್ನೇ ನೋಡಿದವನಿಗೆ ಅದರ ಬೆನ್ನು ಕಂಡದ್ದು ಅಂದೇ ಮೊದಲು. ಇನ್ನೂ ಚೆನ್ನಾಗಿ ನೋಡೋಣವೆಂದು ಬಂಡೆಯ ಅಂಚಿಗೆ ಹೋಗಿ ಬಗ್ಗಿದೆ.

ಹಿಂದಿನಿಂದ ಯಾರೋ ನನ್ನ ಧೋತರದ ಕಚ್ಚೆ ಹಿಡಿದು ಎಳೆದರು. “ಬ್ಯಾಡೋ ಯಪ್ಪಾ, ಬ್ಯಾಡ!”

ಕರಡಿಯಲ್ಲ, ಗಟ್ಟಿಮುಟ್ಟಾದ ಒಬ್ಬ ಮುದುಕಿ. ಹೆಸರು ಹನುಮವ್ವ. ಸೀತಾಫಲದ ಕಾಲದಲ್ಲಿ, ಕರಡಿಗಳು ತಿನ್ನುವ ಮೊದಲು ಹಣ್ಣು ಕೀಳಲು ಅಲ್ಲೇ ಬಂಡೆಯ ಸಂದಿಯಲ್ಲಿ ಒಬ್ಬಳೇ ಬಿಡಾರ ಮಾಡುತ್ತಿದ್ದಳಂತೆ. ನಾನು ಪ್ರಾಣ ಕಳೆದುಕೊಳ್ಳಲು ಬಂದಿದ್ದೇನೆಂದು ಆಕೆ ತೀರ್ಮಾನಿಸಿಬಿಟ್ಟಿದ್ದಳು.

“ಹಂಗೇನಿಲ್ಲಬೇ, ಸುಮ್ನ ನೋಡಾಕ ಬಂದೀನಿ” ಎಂದೆ.

“ಹೆಂಡ್ತಿ ಕೂಡ ಜಗಳ ಆತೇನು?”

“ಸ್ವಲ್ಪ. ಆದ್ರ...”

“ಆತಲ್ಲ! ಬಾ, ಇಲ್ಲಿ ಕುಂದ್ರು.” ಒಂದು ಸೀತಾಫಲ ಒಡೆದು ಕೈಗಿಟ್ಟಳು. ನಾನು ಹದ್ದಿನ ಬೆನ್ನಿನ ವಿಷಯ ವಿವರಿಸಿದಷ್ಟೂ ನನ್ನ ತಲೆ ಪೂರ್ತಿ ಕೆಟ್ಟಿದೆಯೆಂದು ಅವಳಿಗೆ ಖಾತ್ರಿಯಾಗುತ್ತ ಹೋಯಿತು. ನಗು ತಡೆಯಲಾಗದೆ, “ಅಲ್ಲಬೇ, ನನ್ನ ಮಾತು ಯಾಕ ನಂಬವಲ್ಲಿ?” ಎಂದು ಕೇಳಿದೆ.

ಅವಳು ಹಣ್ಣಿನ ಬೀಜ ಉಗುಳಿದಳು. “ನಮ್ಮಣ್ಣನೂ ಹಿಂಗ ಅಂದಿದ್ದ ತಮ್ಮಾ. ಸುಮ್ನ ಗುಡ್ಡ ನೋಡಿ ಬರ್ತೀನಿ ಅಂದ. ನಾನೂ ನಂಬಿದ್ದೆ.”

ಆಮೇಲೆ ನಾನು ವಾದ ಮಾಡಲಿಲ್ಲ. ಅವಳು ತನ್ನ ಸೆರಗಿನ ತುದಿಯನ್ನು ನನ್ನ ಧೋತರಕ್ಕೆ ಗಂಟು ಹಾಕಿಕೊಂಡು ಮಲಗಿದಳು, ಹಾಕಲು ಬಿಟ್ಟೆ. ಗುಡ್ಡ ಒಂದೇ ಇದ್ದಾಗ ಏನು ಮಾಡುತ್ತದೆಂದು ಕೊನೆಗೂ ತಿಳಿಯಲಿಲ್ಲ, ಏಕೆಂದರೆ ಅದನ್ನು ಒಂದೇ ಇರಲು ನಾವಿಬ್ಬರೂ ಬಿಡಲಿಲ್ಲ. ನಾನು ಮಗ್ಗುಲು ಬದಲಿಸಿದಾಗಲೆಲ್ಲ “ಅದೀಯೇನೋ?” ಎನ್ನುತ್ತಿದ್ದಳು. “ಅದೀನಿಬೇ” ಎನ್ನುತ್ತಿದ್ದೆ.

ಬೆಳಿಗ್ಗೆ ಹಣ್ಣಿನ ಬುಟ್ಟಿಯನ್ನು ಅಲ್ಲೇ ಕರಡಿಗಳಿಗೆ ಬಿಟ್ಟು, ನನ್ನ ಕೈ ಹಿಡಿದು ಊರ ನಡುವೆಯೇ ನಡೆಸಿಕೊಂಡು ಬಂದು ಗೌರಿಗೆ ಒಪ್ಪಿಸಿದಳು. “ತಗೋ ಯವ್ವಾ, ನಿನ್ನ ಗಂಡನ್ನ. ಗುಡ್ಡದ ಅಂಚಿನಿಂದ ಎಳ್ಕೊಂಡು ಬಂದೀನಿ. ಇನ್ಮ್ಯಾಲೆ ಬೈಬ್ಯಾಡ. ಜೀವ ಭಾಳ ಮೆತ್ತಗ ಐತಿ.”

ಗೌರಿಯ ಮುಖ ಬಿಳಿಚಿತು. ಅಂದಿನಿಂದ ರೊಟ್ಟಿಯ ಮೇಲೆ ತುಪ್ಪ ಬಂತು, ಊಟಕ್ಕೆ ಮೊಸರು ಬಂತು. ಊರವರು ದಾರಿಯಲ್ಲಿ ನಿಲ್ಲಿಸಿ “ಹೆಂಗದೀರಿ ಮಾಸ್ತರ?” ಎಂದು ಮೆಲ್ಲಗೆ ಕೇಳತೊಡಗಿದರು. ನಿಜ ಹೇಳಿ ನೋಡಿದೆ; ಎಲ್ಲರೂ ಕನಿಕರದಿಂದ ತಲೆಯಾಡಿಸಿದರು. ಒಂದು ಸಂಜೆ ಗೌರಿ ಪಕ್ಕದಲ್ಲಿ ಕೂತು, ಕಣ್ಣು ತುಂಬಿಕೊಂಡು ಕೇಳಿದಳು: “ನಿಮಗ ಅಂಥಾ ದುಃಖ ಏನಿತ್ರಿ? ನನ್ನ ಮುಂದರ ಹೇಳ್ರಿ.”

ನಾನು ಬಹಳ ಹೊತ್ತು ಯೋಚಿಸಿದೆ. ಇಷ್ಟು ಜನ ಸೇರಿ ಉಳಿಸಿಕೊಂಡ ಜೀವದೊಳಗೆ ಎಷ್ಟು ಹುಡುಕಿದರೂ ಹೇಳಿಕೊಳ್ಳುವಂಥ ಒಂದು ದುಃಖವೂ ಸಿಗದೆ, ನನಗೆ ಭಾರಿ ನಾಚಿಕೆಯಾಯಿತು.