ರತ್ನಕ್ಕನಿಗೆ ಕೊಟ್ಟ ಅಧಿಕಾರ

ಕಂಪ್ಯೂಟರಿಗೆ ನಾನು ಹೆದರುವವಳಲ್ಲ. ಹತ್ತನೇ ಕ್ಲಾಸು ಪಾಸಾಗಿದ್ದೇನೆ. ಒದೆಯುವ ಹಸುವಿನ ಕೆಳಗೆ ಕೂತು ಹಾಲು ಕರೆದಿದ್ದೇನೆ. ಒದೆಯಲು ಕಾಲೇ ಇಲ್ಲದ ಒಂದು ಪೆಟ್ಟಿಗೆ ನನ್ನನ್ನು ಏನು ಮಾಡೀತು ಎಂದುಕೊಂಡಿದ್ದೆ.

ಮಾದಿಹಳ್ಳಿಯಿಂದ ಸ್ವಲ್ಪ ಆಚೆ ನಮ್ಮೂರು. ಅಲ್ಲಿನ ಮಹಿಳಾ ಡೈರಿಗೆ ನನ್ನ ಓರಗಿತ್ತಿ ರತ್ನಕ್ಕ ಕಾರ್ಯದರ್ಶಿಯಾಗಿದ್ದಳು. ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಊರಿನ ಹೆಂಗಸರು ಅವಳ ಕುರ್ಚಿ ನನಗೆ ಕೊಟ್ಟರು. ನಾನು ಅದರ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಕೆಲಸವೇನೂ ಕಷ್ಟವಿರಲಿಲ್ಲ. ಟೆಸ್ಟರ್ ಶಾಂತ ಬಂದು ಕಂಪ್ಯೂಟರ್ ತೆರೆಯುತ್ತಿದ್ದಳು, ಹಾಲು ತೂಗಿ ಫ್ಯಾಟ್ ನೋಡುತ್ತಿದ್ದಳು, ಚೀಟಿ ತಾನಾಗಿ ಬರುತ್ತಿತ್ತು. ಅದನ್ನು ಹರಿದು ಕೊಡುವ ಜವಾಬ್ದಾರಿ ನನ್ನದು.

ಹೀಗಿರುವಾಗ ಹಾಲು ಒಕ್ಕೂಟಕ್ಕೆ ಹೊಸದಾಗಿ ಬಂದಿದ್ದ ಮೇಲ್ವಿಚಾರಕರು ಫೋನು ಮಾಡಿ, "ನಾಳೆ ಬೆಳಿಗ್ಗೆ ಬರ್ತೀನಿ. ನಿಮ್ಮ ಕಂಪ್ಯೂಟರಿನ ಲಾಗ್ ನೋಡಬೇಕು" ಎಂದರು.

ಲಾಗ್ ಎಂದರೆ ಕಂಪ್ಯೂಟರು ತನ್ನ ಪಾಡಿಗೆ ಬರೆದುಕೊಳ್ಳುವ ದಿನಚರಿ. ಯಾರು ಒಳಗೆ ಬಂದರು, ಎಷ್ಟು ಹೊತ್ತಿಗೆ ಬಂದರು, ಏನು ಮುಟ್ಟಿದರು, ಎಲ್ಲ ಅದರಲ್ಲಿರುತ್ತದೆ. ಮಧ್ಯಾಹ್ನ ಡೈರಿಯಲ್ಲಿ, ಶಾಂತ ತೆರೆದಿಟ್ಟು ಹೋಗಿದ್ದ ಕಂಪ್ಯೂಟರಿನಲ್ಲಿ ಅದನ್ನು ಮೊದಲ ಸಲ ನೋಡಿದೆ.

ಆ ದಿನ ಬೆಳಗಿನ ಸಾಲು ಹೀಗಿತ್ತು: ರತ್ನಮ್ಮ ಪ್ರವೇಶಿಸಿದರು.

ಹಿಂದಿನ ದಿನವೂ ರತ್ನಮ್ಮ. ಅದರ ಹಿಂದಿನ ದಿನವೂ ರತ್ನಮ್ಮ. ಅವಳ ತಿಥಿಯ ದಿನ ಊರೆಲ್ಲ ನಮ್ಮ ಮನೆಯಲ್ಲಿ ಎಲೆ ಹಾಕಿಕೊಂಡು ಕೂತಿದ್ದಾಗಲೂ ರತ್ನಮ್ಮ ಡೈರಿಯಲ್ಲಿ ಹಾಲು ಅಳೆದಿದ್ದಳು!

ಹೊರಗಿದ್ದ ಗಂಡನನ್ನು ಕೂಗಿದೆ. ಅವರು ಓದಿ, "ಅತ್ತಿಗೆ ಬದುಕಿದ್ದಾಗ್ಲೂ ರಜಾ ಹಾಕ್ದೋರಲ್ಲ ಬಿಡು" ಎಂದರು. ಅಷ್ಟು ಹೇಳಿ ಮೆಲ್ಲಗೆ ಹೊಸ್ತಿಲಿನಾಚೆ ಹೋಗಿ ನಿಂತರು.

ಎದುರು ಮನೆಯ ಗೌರಜ್ಜಿ ಇಣುಕಿದಳು. "ಪಕ್ಷದಾಗೆ ಕಡುಬು ಮಾಡಿ ಎಡೆ ಇಟ್ರೆ ಒಂದು ಕಾಗೆನೂ ಬರ್ನಿಲ್ಲ. ಇಲ್ಲಿಗೆ ದಿನಾ ಬತ್ತಾವ್ಳಾ? ಅವ್ಳಿಗೆ ಯಾವತ್ತೂ ಮನೆಗಿಂತ ಡೈರಿನೇ ಹೆಚ್ಚು ಕಣವ್ವ."

ಶಾಂತ ಬಂದ ಮೇಲೆ ವಿಷಯ ತಿಳಿಯಿತು. "ಅಯ್ಯೋ, ಅದು ನಾನೂ ನೀನೂ ಕಣಕ್ಕ. ಕಂಪ್ಯೂಟ್ರು ರತ್ನಕ್ಕನ ಹೆಸ್ರಲ್ಲೇ ಓಪನ್ ಆಗೋದು. ಎಲ್ಲಾ ಅಧಿಕಾರ ಆ ಹೆಸ್ರಿಗೇ ಐತೆ. ಬದಲಾಯ್ಸೋಕೆ ನಂಗೆ ಮನ್ಸು ಬರ್ಲಿಲ್ಲ."

ಅಕ್ಕನ ಕುರ್ಚಿಯಲ್ಲಿ ಕೂರಲು ಹಿಂಜರಿದ ನಾನು ಇಷ್ಟು ತಿಂಗಳು ಅವಳ ಹೆಸರಿನೊಳಗೇ ಕೂತಿದ್ದೆ.

ಇದನ್ನು ನಾಳೆಯೊಳಗೆ ಸರಿಪಡಿಸಲೇಬೇಕೆಂದು ಕಂಪ್ಯೂಟರ್ ಹಾಕಿಕೊಟ್ಟಿದ್ದ ಅರಸೀಕೆರೆಯ ಎಂಜಿನಿಯರಿಗೆ ಫೋನು ಹಚ್ಚಿದೆ. ಆತ ಹೇಳಿದ: "ಒಬ್ಬೊಬ್ರಿಗೂ ಅವರವರ ಹೆಸರು, ಅವರವರ ಕೆಲಸಕ್ಕೆ ತಕ್ಕಷ್ಟೇ ಅಧಿಕಾರ ಕೊಡಿ ಮೇಡಂ. ಟೆಸ್ಟರ್ ಹಾಲು ಅಳೀಲಿ, ಲಾಗ್ ಮುಟ್ಟಬಾರ್ದು. ಸೆಕ್ರೆಟ್ರಿ ಲಾಗ್ ನೋಡ್ಲಿ, ಅಳಿಸಬಾರ್ದು. ಅದರ ಹಳೇ ಸಾಲುಗಳನ್ನ ಬೇರೆ ಕಡೆ ಎತ್ತಿಡೋಕೆ, ಅಳಿಸೋಕೆ ಲಾಗ್ ಅಡ್ಮಿನ್ ಅಂತ ಬೇರೆ ಒಬ್ರಿರಲಿ. ತೀರಿಕೊಂಡೋರ ಹೆಸರು ಡಿಲೀಟ್ ಮಾಡ್ಬಿಡಿ."

ಶಾಂತಳಿಗೆ ಅಳೆಯುವ ಅಧಿಕಾರ ಕೊಟ್ಟೆ. ನನಗೆ ನೋಡುವ ಅಧಿಕಾರ ಕೊಟ್ಟುಕೊಂಡೆ. ಕೊನೆಯದಕ್ಕೆ ಬಂದಾಗ ಕಂಪ್ಯೂಟರು ಕೇಳಿತು: ರತ್ನಮ್ಮ ಅವರನ್ನು ತೆಗೆದುಹಾಕಬೇಕೆ? ಹೌದು, ಇಲ್ಲ.

ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಇಲ್ಲ ಎಂದು ಒತ್ತಿದೆ.

ಆಗ ನನಗೊಂದು ಘನವಾದ ಆಲೋಚನೆ ಹೊಳೆಯಿತು. ಲಾಗ್ ಅಡ್ಮಿನ್ ಜಾಗ ಖಾಲಿಯಿತ್ತು. ಹೆಸರು ಕೇಳಿದರೆ ಗೌರವಾಧ್ಯಕ್ಷರ ಹುದ್ದೆಯಂತಿತ್ತು, ಮರ್ಯಾದೆ ಇದೆ, ಕೆಲಸವಿಲ್ಲ. ಅದನ್ನು ರತ್ನಕ್ಕನಿಗೆ ಕೊಟ್ಟೆ. ಇನ್ನು ಯಾರೂ ಅವಳ ಹೆಸರಿನಲ್ಲಿ ನುಸುಳಬಾರದೆಂದು, ಕಂಪ್ಯೂಟರೇ ಸೂಚಿಸಿದ ಉದ್ದನೆಯ ಪಾಸ್‌ವರ್ಡನ್ನು ಓದದೆ ಒಪ್ಪಿಕೊಂಡೆ. ನನಗೇ ತಿಳಿಯದಷ್ಟು ಭದ್ರತೆ!

ಸಂಜೆ ಹಾಲಿನ ಸಾಲು ನಿಂತಿತು. ಗೌರಜ್ಜಿಯ ಕ್ಯಾನು ಮೊದಲನೆಯದು. ಶಾಂತ ಗುಂಡಿ ಒತ್ತಿದಳು. ಚೀಟಿ ಬರಲಿಲ್ಲ. ಪರದೆಯ ಮೇಲೆ ಅಕ್ಷರ ಬಂತು:

ಲಾಗ್ ತುಂಬಿದೆ. ಲಾಗ್ ಅಡ್ಮಿನ್ ಅವರನ್ನು ಸಂಪರ್ಕಿಸಿ: ರತ್ನಮ್ಮ.

"ಇದು ಆಗಾಗ ಹಿಂಗೆ ಕೇಳೋದು ಕಣಕ್ಕ" ಎಂದಳು ಶಾಂತ. "ಆವಾಗ ನಾವೇ ರತ್ನಕ್ಕ ಅಲ್ವಾ, ಎತ್ತಿಡು ಅಂತ ಒತ್ತಿಬಿಡ್ತಿದ್ದೆ."

"ಏನಂತೆ?" ಗೌರಜ್ಜಿ ಕೇಳಿದಳು.

"ರತ್ನಕ್ಕನ್ನ ಸಂಪರ್ಕಿಸ್ಬೇಕಂತೆ."

ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಗೌರಜ್ಜಿ ಮಾತ್ರ ಕದಲಲಿಲ್ಲ. "ಈ ಊರಾಗೆ ಮುಂದೆ ಹೋಗೋಳು ನಾನೇ. ಹೇಳ್ತೀನಿ ಬಿಡು. ಆದ್ರೆ ಇವತ್ತೇ ಅಂದ್ರೆ ಆಗಾಕಿಲ್ಲ, ಎಮ್ಮೆ ಕಟ್ಟಿಲ್ಲ."

ನಗುವ ಹೊತ್ತಲ್ಲ ಅದು. ಹಳೇಬೀಡಿನ ಕಡೆಯಿಂದ ಹಾಲಿನ ಗಾಡಿ ಹೊರಟಾಗಿತ್ತು. ಯಂತ್ರದ ಚೀಟಿ ಇಲ್ಲದೆ ಅವರು ಒಂದು ತೊಟ್ಟು ಮುಟ್ಟುವುದಿಲ್ಲ. ಊರಿನ ಒಂದು ಹೊತ್ತಿನ ಹಾಲು ನನ್ನ ಎದುರು ಕ್ಯಾನುಗಳಲ್ಲಿ ನಿಂತಿತ್ತು. ನನ್ನ ಹೆಸರಿನಿಂದ ಎತ್ತಿಡಲು ನೋಡಿದೆ, ಅಧಿಕಾರವಿಲ್ಲ ಎಂದಿತು. ಮತ್ತೆ ಒತ್ತಿದೆ. ಜೋರಾಗಿ ಒತ್ತಿದೆ. ಮನೆದೇವರನ್ನು ನೆನೆದು ಒತ್ತಿದೆ. ಜೋರಿಗೂ ದೇವರಿಗೂ ಅದು ಕೊಟ್ಟ ಉತ್ತರ ಒಂದೇ.

ಎಂಜಿನಿಯರ್ ಫೋನಿನಲ್ಲಿ, "ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿ ಮೇಡಂ, ಅವರ ನಂಬರಿಗೆ ಒಟಿಪಿ ಹೋಗುತ್ತೆ" ಎಂದ.

ಹೋಗಿ ಯಾರಿಗೆ ತಲುಪಬೇಕು? ಬೇರೆ ದಾರಿ ಕಾಣದೆ ಒತ್ತಿದೆ.

ಸಾಲಿನ ಕೊನೆಯಲ್ಲಿ ಟಿಂಗ್ ಎಂದು ಸದ್ದಾಯಿತು.

ಎಲ್ಲರೂ ತಿರುಗಿದರು. ಅಲ್ಲಿ ಕ್ಯಾನು ಹಿಡಿದು ನಿಂತಿದ್ದವರು ನಮ್ಮ ಭಾವ, ರತ್ನಕ್ಕನ ಗಂಡ. ಅಂಗಿಯ ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಅಕ್ಕನ ಫೋನು ತೆಗೆದರು. ಯಾರಿಗೂ ಹೇಳದೆ ಅದಕ್ಕೆ ಕರೆನ್ಸಿ ಹಾಕಿಸುತ್ತಲೇ ಇದ್ದರಂತೆ.

"ಯಾರಾದ್ರೂ ಫೋನ್ ಮಾಡುದ್ರೆ ಸ್ವಿಚ್ ಆಫ್ ಅಂತ ಬರ್ಬಾರ್ದು ಅಂತ" ಎಂದರು, ನೆಲ ನೋಡುತ್ತ. ಆಮೇಲೆ ಫೋನನ್ನು ದೂರ ಹಿಡಿದು, ಒಂದೊಂದೇ ಅಂಕಿ ಓದಿ ಹೇಳಿದರು. ಶಾಂತ ಅವನ್ನು ಒತ್ತಿ, ರತ್ನಕ್ಕನ ಹೆಸರಿನಲ್ಲಿ ಒಳಗೆ ಹೋಗಿ ಲಾಗ್ ಎತ್ತಿಟ್ಟಳು.

ಗಾಡಿಯ ಹಾರನ್ ಕೇಳುವಾಗ ಕೊನೆಯ ಚೀಟಿ ಹರಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಮೇಲ್ವಿಚಾರಕರು ಲಾಗ್ ತೆರೆದು, ಎಲ್ಲರಿಗೂ ಕೇಳುವಂತೆ ಓದಿದರು. "ಕಾರ್ಯದರ್ಶಿ, ಯತ್ನ ವಿಫಲ. ಕಾರ್ಯದರ್ಶಿ, ಯತ್ನ ವಿಫಲ. ಕಾರ್ಯದರ್ಶಿ, ಮತ್ತೆ ವಿಫಲ. ರತ್ನಮ್ಮ ಪ್ರವೇಶಿಸಿದರು, ಲಾಗ್ ಎತ್ತಿಟ್ಟರು, ಕೆಲಸ ಮುಂದುವರಿಯಿತು." ಕನ್ನಡಕ ಸರಿಸಿ ನನ್ನನ್ನು ನೋಡಿದರು.

"ಈ ರತ್ನಮ್ಮ ಯಾರ್ರೀ? ಇಷ್ಟು ಚೆನ್ನಾಗಿ ಕೆಲಸ ಗೊತ್ತಿರೋರನ್ನ ಬಿಟ್ಟು ನಿಮ್ಮನ್ನ ಯಾಕೆ ಸೆಕ್ರೆಟ್ರಿ ಮಾಡಿದ್ರು?"

"ಮೊದ್ಲು ಅವ್ರನ್ನೇ ಮಾಡಿದ್ರು ಸಾರ್" ಎಂದೆ.